ಸುಡದ ಸೌದೆಯ ತೂಕ

ಸರ್ಕಾರಿ ಕೆಲಸದಲ್ಲಿ ಎರಡು ಬಗೆ ಇವೆ ಎಂಬುದು ನಾನು ಕೆಲಸದಿಂದ ನಿವೃತ್ತನಾದ ಮೇಲೆ ಕಂಡುಕೊಂಡ ಸತ್ಯ. ಇಲ್ಲದ್ದನ್ನು ಇರುವಂತೆ ಮಾಡುವುದು ಒಂದು. ಇರುವುದನ್ನು ಇಲ್ಲದಂತೆ ಮಾಡುವುದು ಇನ್ನೊಂದು. ಮೂಡಿಗೆರೆಯ ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ಶಿವಣ್ಣ ಮೊದಲನೆಯ ಬಗೆಯವನು. ಅವನು ಮೋರಿ ಕಟ್ಟಿಸುತ್ತಿದ್ದ. ಇವತ್ತಿಗೂ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ಕೈ ಹೊರಗೆ ಹಾಕಿ, "ಆ ಮೋರಿ ನನ್ನ ಕಾಲದ್ದು" ಎಂದು ಪಕ್ಕದವರಿಗೆ ತೋರಿಸುತ್ತಾನೆ. ಮೋರಿ ಮುರಿದಿದ್ದರೂ ತೋರಿಸುತ್ತಾನೆ. ನನ್ನ ಪಾಡು ಹಾಗಲ್ಲ. ನನ್ನ ಕೆಲಸ ಹೊಗೆ ಕಡಿಮೆ ಮಾಡುವುದು. ಕೆಲಸ ಸರಿಯಾಗಿ ಆಗಿದ್ದರೆ ತೋರಿಸಲು ಅಲ್ಲಿ ಏನೂ ಇರಬಾರದು. ಖಾಲಿ ಆಕಾಶದ ಕಡೆ ಬೆರಳು ಮಾಡಿ, "ಅಲ್ಲಿ ಇಲ್ಲವಲ್ಲ, ಅದು ನನ್ನ ಕಾಲದ್ದು" ಎಂದರೆ ಪಕ್ಕದಲ್ಲಿ ಕೂತವರು ಎದ್ದು ಬೇರೆ ಸೀಟಿಗೆ ಹೋಗುತ್ತಾರೆ.

ಈ ಕೆಲಸಕ್ಕೆ ನಾನಾಗಿ ಬಂದವನಲ್ಲ. ತೊಂಬತ್ತರ ದಶಕದಲ್ಲಿ ಹೊಗೆಯಿಲ್ಲದ ಒಲೆಯ ಯೋಜನೆ ಬಂದಾಗ ಆಫೀಸಿನಲ್ಲಿ ಯಾರ ಮೇಜು ಖಾಲಿ ಇದೆ ಎಂದು ನೋಡಿದರು. ಆವತ್ತು ನಾನು ರಜೆಯಲ್ಲಿದ್ದೆ. ಮೇಜು ಖಾಲಿ ಇತ್ತು. ಹಳ್ಳಿಹಳ್ಳಿಗೆ ಹೋಗಿ ಒಲೆ ಹಾಕಿಸಿ, ಮಾಡಿನ ಮೇಲೆ ಕೊಳವೆ ಏರಿಸಿ, ಹೊಗೆಯನ್ನು ಹೊರಗೆ ಕಳಿಸಿದೆ. ಆರು ತಿಂಗಳು ಬಿಟ್ಟು ಹೋಗಿ ನೋಡಿದರೆ ಹೆಚ್ಚಿನ ಮನೆಗಳಲ್ಲಿ ಕೊಳವೆಯ ಬಾಯಿಗೆ ಹಳೇ ಗೋಣಿಚೀಲ ತುರುಕಿದ್ದರು. ಯಾಕಮ್ಮಾ ಎಂದರೆ, "ಹೊಗೆ ಇಲ್ದೆ ಅಟ್ಟದ ಮೇಲಿನ ಹಲಸಿನ ಬೀಜಕ್ಕೆ ಹುಳ ಬಿತ್ತು. ಮಳೆಗಾಲದಲ್ಲಿ ಬಟ್ಟೆ ಒಣಗ್ಸೋದು ಎಲ್ಲಿ? ನೀವು ಹೊಗೆ ತಗೊಂಡ್ ಹೋದ್ರಿ, ಬಿಸಿಲು ಕೊಟ್ಟು ಹೋದ್ರಾ?" ಎಂದು ಕೇಳಿದರು. ಬಿಸಿಲು ಕೊಡುವ ಯೋಜನೆ ನಮ್ಮಲ್ಲಿ ಇರಲಿಲ್ಲ. ನಾನು ಪುಸ್ತಕದಲ್ಲಿ 'ಒಲೆ ಸುಸ್ಥಿತಿಯಲ್ಲಿದೆ' ಎಂದು ಬರೆದೆ. ಅದು ಸುಳ್ಳಲ್ಲ. ಒಲೆ ಸುಸ್ಥಿತಿಯಲ್ಲೇ ಇತ್ತು; ಅದರ ಮೇಲೆ ಅಮ್ಮಂದಿರು ಉಪ್ಪಿನಕಾಯಿ ಭರಣಿ ಇಟ್ಟಿದ್ದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಹೊಗೆಗೆ ಒಮ್ಮೆಲೇ ಮರ್ಯಾದೆ ಬಂತು. ಅಲ್ಲಿಯವರೆಗೆ ಅದು ಅಡುಗೆಮನೆಯ ಹೊಗೆ. ಆಮೇಲೆ ಅದು ಇಂಗಾಲ. ಚಿಕ್ಕಮಗಳೂರಿನಲ್ಲಿ ನಮಗೆಲ್ಲ ಎರಡು ದಿನ ತರಬೇತಿ ಕೊಟ್ಟರು. ಪಾಠ ಹೇಳಲು ಬಂದಿದ್ದ ಯುವಕ ಬಹಳ ಓದಿಕೊಂಡವನು. ಹೊಗೆಯಿಂದ ಭೂಮಿಯ ಸುತ್ತ ಕಂಬಳಿ ಹೊದಿಸಿದ ಹಾಗಾಗಿ ಶಾಖ ಒಳಗೇ ಉಳಿಯುತ್ತದೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಿದ. ಆವತ್ತು ಆಷಾಢದ ಗಾಳಿ, ಸಭಾಂಗಣದ ಎರಡು ಕಿಟಕಿಗೆ ಗಾಜಿರಲಿಲ್ಲ. ಹಿಂದಿನ ಸಾಲಿನಲ್ಲಿ ಸ್ವೆಟರಿನೊಳಗೆ ಮುದುಡಿ ಕೂತಿದ್ದ ನಮ್ಮ ಶಿವಣ್ಣ, "ಕಂಬಳಿ ಯಾವತ್ತು ಪೂರ್ತಿ ಆಗ್ತದೆ ಸಾರ್?" ಎಂದು ಆಸೆಯಿಂದ ಕೇಳಿದ. ಆದರೆ ಆ ಯುವಕ ಹೇಳಿದ ಒಂದು ಮಾತು ನನಗೆ ಚೆನ್ನಾಗಿ ನೆನಪಿದೆ. ಹಿಂದುಳಿದ ದೇಶಗಳಲ್ಲಿ ಹೊಗೆ ಉಳಿಸಿದರೆ, ಮುಂದುವರಿದ ದೇಶಗಳು ಆ ಉಳಿತಾಯವನ್ನು ಕೊಂಡು ತಮ್ಮ ಹೆಸರಿಗೆ ಬರೆದುಕೊಳ್ಳುತ್ತವೆ. ಆ ನೆರವಿನಿಂದ ನಮ್ಮ ಹಳ್ಳಿಯ ಮನೆಗಳಿಗೆ ಗೋಬರ್ ಗ್ಯಾಸ್ ಬರುತ್ತದೆ. ಅಂದರೆ ನಾವು ಸುಡದೆ ಬಿಟ್ಟ ಸೌದೆಗೂ ಗಿರಾಕಿ ಇದ್ದಾರೆ. ಸುಟ್ಟ ಸೌದೆಗೆ ಗಿರಾಕಿ ಇರುವುದನ್ನು ಹೋಟೆಲುಗಳಲ್ಲಿ ನೋಡಿದ್ದೆ. ಸುಡದ ಸೌದೆಯ ವ್ಯಾಪಾರ ನನಗೆ ಹೊಸದು.

ಹೊಸ ಯೋಜನೆಯ ನಮೂನೆ ಬಂತು. ಅದರಲ್ಲಿ ಮುಖ್ಯವಾಗಿ ಎರಡು ಕಾಲಂ: 'ಮೊದಲು' ಮತ್ತು 'ನಂತರ'. ಗ್ಯಾಸು ಕಟ್ಟುವ ಮೊದಲು ಆ ಮನೆಯಲ್ಲಿ ದಿನಕ್ಕೆ ಎಷ್ಟು ಸೌದೆ ಸುಡುತ್ತಾರೆ ಎಂದು ಮೂರು ದಿನ ತೂಗಿ ಬರೆಯಬೇಕು. ಕಟ್ಟಿದ ಮೇಲೆ ಮತ್ತೆ ಮೂರು ದಿನ ತೂಗಬೇಕು. ಎರಡರ ನಡುವಿನ ವ್ಯತ್ಯಾಸವೇ ಉಳಿತಾಯ. 'ಮೊದಲು' ಕಾಲಮಿನ ತೂಕ ಒಂದು ಮಿತಿಗಿಂತ ಕಡಿಮೆ ಇದ್ದರೆ ಆ ಮನೆಗೆ ಯೋಜನೆ ಇಲ್ಲ. ಓದುವಾಗ ಇದು ತುಂಬ ನ್ಯಾಯವಾಗಿಯೇ ಕಂಡಿತು. ನನಗೊಂದು ತೂಗುವ ತ್ರಾಸು ಕೊಟ್ಟರು. ಎಸ್ಟೇಟಿನಲ್ಲಿ ಕಾಫಿ ಹಣ್ಣು ತೂಗುತ್ತಾರಲ್ಲ, ಅಂಥದ್ದೇ ಕೊಕ್ಕೆಯ ತ್ರಾಸು. ಅದನ್ನು ಚೀಲದಲ್ಲಿ ಹಾಕಿಕೊಂಡು ಕಳಸದ ಬಸ್ಸು ಹತ್ತಿದರೆ ಕಂಡಕ್ಟರು, "ಎಂತ ಸಾರ್, ರಿಟೈರ್ ಆಗುಕೆ ಮುಂಚೇನೇ ಮೀನು ವ್ಯಾಪಾರನಾ?" ಎಂದು ಕೇಳುತ್ತಿದ್ದ.

ಆಗ ಕಳಸವೂ ನಮ್ಮ ಮೂಡಿಗೆರೆ ತಾಲ್ಲೂಕಿಗೇ ಸೇರಿತ್ತು. ಕಳಸದಿಂದಾಚೆ ಜೀಪಿನಲ್ಲಿ ಅರ್ಧ ಗಂಟೆ ಹೋದರೆ ಸಿಗುವ ಒಂದು ಊರಿನಿಂದ ಒಬ್ಬ ಹೆಣ್ಣುಮಗಳು ಆಫೀಸಿಗೆ ಬಂದಳು. ಹೆಸರು ಸುಜಾತ. ಮೂವತ್ತರ ಆಸುಪಾಸು. ಗಂಡ ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್; ಮನೆಯಲ್ಲಿ ಅತ್ತೆ ಶೇಷಮ್ಮ, ಸ್ವಲ್ಪ ಕಾಫಿ ತೋಟ, ಕೊಟ್ಟಿಗೆಯಲ್ಲಿ ನಾಲ್ಕು ದನ. ಅರ್ಜಿಯ ಜೊತೆ ಡಾಕ್ಟರ ಚೀಟಿಯನ್ನೂ ತಂದಿದ್ದಳು. ಮೆಟ್ಟಿಲು ಹತ್ತಿ ಬಂದದ್ದಕ್ಕೇ ಕೆಮ್ಮು ಹತ್ತಿತ್ತು. ಮಾತು ಶುರು ಮಾಡುವ ಮೊದಲು ನಾವಿಬ್ಬರೂ ಆ ಕೆಮ್ಮು ಮುಗಿಯುವುದನ್ನು ಕಾಯಬೇಕಾಯಿತು.

"ಹೊಗೆ ಹತ್ರ ಕೂರ್ಬೇಡಿ ಅಂತ ಡಾಕ್ಟ್ರು ಹೇಳಿದಾರೆ ಸಾರ್. ಒಲೆ ಹತ್ರ ಕೂರದೆ ಅಡುಗೆ ಮಾಡುದು ಹೆಂಗೆ ಅಂತ ಅವ್ರು ಹೇಳ್ಲಿಲ್ಲ."

"ಸಿಲಿಂಡರ್ ಇಲ್ವೇನಮ್ಮ?"

"ಉಂಟು ಸಾರ್. ಅದು ಕಳಸದಿಂದ ಜೀಪಲ್ಲಿ ತರ್ಬೇಕು. ನೆಂಟ್ರು ಬಂದಾಗ ಕಾಫಿಗೆ ಮಾತ್ರ. ನೀವು ಗೋಬರ್ ಗ್ಯಾಸ್ ಹಾಕಿಸ್ತೀರಿ ಅಂತ ಪಂಚಾಯ್ತಿಲಿ ಬೋರ್ಡ್ ಹಾಕಿದಾರೆ. ನಮ್ಮನೆ ಹೆಸ್ರು ಬರ್ಕೊಳಿ."

ನಾಲ್ಕು ದನ ಇವೆ, ಕೆಮ್ಮು ಇದೆ, ಜಾಗ ಇದೆ. ಇದಕ್ಕಿಂತ ಯೋಗ್ಯ ಮನೆ ಸಿಗುವುದಿಲ್ಲ ಎಂದುಕೊಂಡು ಹೆಸರು ಬರೆದುಕೊಂಡೆ. ಫಲಾನುಭವಿ ಮನೆಯ ಹಿರಿಯ ಹೆಂಗಸೇ ಆಗಿರಬೇಕೆಂಬ ನಿಯಮವಿದ್ದುದರಿಂದ ಬರೆದದ್ದು ಅತ್ತೆಯ ಹೆಸರನ್ನು: ಶ್ರೀಮತಿ ಶೇಷಮ್ಮ.

ಶೇಷಮ್ಮನವರನ್ನು ನಾನು ಮೊದಲು ನೋಡಿದ್ದು ಅವರ ಒಲೆಯ ಮುಂದೆ. ಅರವತ್ತೈದು ದಾಟಿದ, ತೆಳ್ಳನೆಯ, ನೆಟ್ಟಗಿನ ಹೆಂಗಸು. ತ್ರಾಸು ನೋಡಿ, "ಇದೆಂತಕ್ಕೆ ಮಾರಾಯ್ರೆ? ನನ್ನ ತೂಗ್ತೀರಾ?" ಎಂದರು. ನಾನು ಯೋಜನೆಯನ್ನು ವಿವರಿಸಿದೆ. ಬೆಳಿಗ್ಗೆ ಸೌದೆ ತೂಗಿ ಮೂಲೆಯಲ್ಲಿ ಇಡುತ್ತೇನೆ, ಅದರಿಂದ ಮಾತ್ರ ತೆಗೆದು ಸುಡಬೇಕು, ಮಾರನೆಯ ದಿನ ಉಳಿದದ್ದನ್ನು ತೂಗುತ್ತೇನೆ ಎಂದೆ. "ಅಷ್ಟು ಸೌದೆ ಎಂತಕ್ಕೆ ಇಡ್ತೀರಿ, ವಾರಕ್ಕೆ ಆಯ್ತದೆ" ಎಂದು ಅರ್ಧ ತೆಗೆದು ಆಚೆ ಹಾಕಿದರು. ಆವಾಗಲೇ ನನಗೆ ಸ್ವಲ್ಪ ಅನುಮಾನ ಬರಬೇಕಿತ್ತು.

ಅವರು ಬೆಂಕಿ ಮಾಡುವುದನ್ನು ನಾನು ಕೂತು ನೋಡಿದೆ. ನನ್ನ ತರಬೇತಿಯಲ್ಲಿ ಹೇಳಿಕೊಡದ ವಿದ್ಯೆ ಅದು. ಕಾಫಿ ಗಿಡ ಸವರಿದಾಗ ಬಿದ್ದ ಒಣ ರೆಂಬೆಗಳು, ಬೆರಳು ದಪ್ಪದವು, ನಾಲ್ಕೇ ನಾಲ್ಕು. ಮುಂದಿನ ಬಾಯಿಯ ಮೇಲೆ ಅನ್ನ. ಅದೇ ಉರಿ ಹಿಂದಿನ ಬಾಯಿಗೆ ಹೋಗಿ ಸಾರು. ಅನ್ನ ಕುದಿ ಬಂದ ತಕ್ಷಣ ರೆಂಬೆಗಳನ್ನು ಹೊರಗೆ ಎಳೆದು ತುದಿಗೆ ನೀರು ಚಿಮುಕಿಸಿ ಮೂಲೆಗೆ ಒರಗಿಸಿದರು, ಅವು ನಾಳೆಗೆ. ಒಳಗೆ ಉಳಿದ ಕೆಂಡದ ಮೇಲೆ ಅನ್ನ ತಾನಾಗಿ ಅರಳಿತು. ಅದನ್ನಿಳಿಸಿ ಕೆಂಡದ ಮೇಲೆ ಹಾಲು. ಹಾಲಿಳಿಸಿ ಬೂದಿಯಲ್ಲಿ ಎರಡು ಗೆಣಸು ಹೂತರು. ಎಲ್ಲ ಮುಗಿದ ಮೇಲೆ ಬಿಸಿ ಇನ್ನೂ ಇದೆಯಲ್ಲ ಎಂದು ಕೈಕಾಲು ತೊಳೆಯುವ ನೀರಿನ ಪಾತ್ರೆ ತಂದಿಟ್ಟರು. ಒಂದು ಬೆಂಕಿಯಿಂದ ಅಷ್ಟು ಕೆಲಸ ತೆಗೆಯುವುದನ್ನು ನಾನು ಮತ್ತೆಲ್ಲೂ ನೋಡಿಲ್ಲ. ಸೌದೆ ಕಡಿಮೆ, ಆದರೆ ಉರಿಯುವ ರೆಂಬೆಯ ತುದಿಗೆ ನೀರು ತಾಗಿದಾಗೆಲ್ಲ ಹೊಗೆ ಏಳುತ್ತಿತ್ತು. ಮುಸುರೆ ತೊಳೆಯುತ್ತಿದ್ದ ಸುಜಾತ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಹೋಗಿ ಕೆಮ್ಮಿ ಬರುತ್ತಿದ್ದಳು.

ಮೂರನೆಯ ದಿನ ತೂಕ ಕೂಡಿಸಿದರೆ ನಮೂನೆ ಕೇಳಿದ ಮಿತಿಯ ಅರ್ಧಕ್ಕೂ ಬರಲಿಲ್ಲ. ಮತ್ತೊಮ್ಮೆ ಕೂಡಿಸಿದೆ. ಶೇಷಮ್ಮನವರ ಸೌದೆ ಎಷ್ಟು ಸಲ ಕೂಡಿಸಿದರೂ ಹೆಚ್ಚುವಂಥದ್ದಲ್ಲ. "ಎಷ್ಟಾಯ್ತು ಸಾರ್?" ಎಂದು ಸುಜಾತ ಕೇಳಿದಳು. ನಾನು ಹೇಳಿದೆ. ಮಿತಿಯನ್ನೂ ಹೇಳಿದೆ. ಅವಳು ಒಳಗೆ ಹೋದಳು.

ನನಗೆ ಸಂಕಟವಾಗಿ, ಶೇಷಮ್ಮನವರ ಹತ್ತಿರ ಮೆಲ್ಲಗೆ, "ಅಮ್ಮಾ, ಬೇಕಾದರೆ ಇನ್ನೊಂದು ಸಲ ಅಳೆಯಬಹುದು. ಆ ಮೂರು ದಿನ ಸ್ವಲ್ಪ ಧಾರಾಳವಾಗಿ ಸುಟ್ಟರೆ..." ಎಂದೆ.

"ಧಾರಾಳ ಅಂದ್ರೆ?"

"ಅಂದ್ರೆ... ಬೇರೆ ಮನೆಯೋರು ಸುಡ್ತಾರಲ್ಲ, ಹಾಗೆ."

"ದುಂದು ಮಾಡಿ ತೋರಿಸ್ಬೇಕು ಅಂತೀರಾ? ದುಂದು ಬಿಡಿಸ್ಲಿಕ್ಕೆ ಅಂತ ಬಂದೋರು ನೀವು!"

"ತೋರಿಸೋದೂ ಬೇಡ. ನಾನೇ ಎರಡು ಅಂಕಿ ಹೆಚ್ಚು ಬರ್ಕೊಳ್ತೀನಿ."

ಶೇಷಮ್ಮನವರ ಮುಖ ಬಿಗಿಯಿತು. "ಆ ಕಾಗದದ ಮೇಲೆ ಯಾರ ಹೆಸ್ರು ಇರದು? ನಂದು. ಅದನ್ನ ಪಂಚಾಯ್ತಿ ಗೋಡೆಗೆ ಅಂಟಿಸ್ತೀರಿ. ಊರೋರೆಲ್ಲ ಓದ್ತಾರೆ, ಶೇಷಮ್ಮ ದಿನಕ್ಕೆ ಇಷ್ಟು ಸೌದೆ ಬೂದಿ ಮಾಡ್ತಾಳೆ ಅಂತ. ನಾನು ಹದಿನೇಳು ವರ್ಷಕ್ಕೆ ಈ ಮನೆಗೆ ಬಂದೋಳು ಸಾಹೇಬ್ರೆ. ನಮ್ಮತ್ತೆ ನಂಗೆ ಬಂಗಾರ ಕೊಡ್ಲಿಲ್ಲ, ಸೀರೆ ಕೊಡ್ಲಿಲ್ಲ, ಈ ಒಲೆ ಹಿಡಿಯದು ಹೇಳ್ಕೊಟ್ರು. ಸುಳ್ಳು ಬರೀಬೇಡಿ." ಅಷ್ಟು ಹೇಳಿ ನನಗೆ ಕಾಫಿ ಕೊಟ್ಟರು. ನಾನು ಕುಡಿದು ತ್ರಾಸು ಎತ್ತಿಕೊಂಡು ಹೊರಟೆ.

ಅದೇ ಊರಿನ ಮೇಲ್ಬದಿಯಲ್ಲಿ ಚಂದ್ರೇಗೌಡರ ಮನೆ. ದೊಡ್ಡ ಪ್ಲಾಂಟರು, ದೊಡ್ಡ ಮನಸ್ಸು, ಅದಕ್ಕೆ ತಕ್ಕ ಬಚ್ಚಲು. ಬಚ್ಚಲಿನಲ್ಲಿ ಒಂದು ಆಳು ಒಳಗಿಳಿದು ಕೂರಬಹುದಾದಷ್ಟು ದೊಡ್ಡ ತಾಮ್ರದ ಹಂಡೆ. ಅದರ ಕೆಳಗೆ ಬೆಳಿಗ್ಗೆ ತಳ್ಳಿದ ಮರದ ಕುಂಟೆ ಸಂಜೆವರೆಗೂ ಉರಿಯುತ್ತಿತ್ತು. ನಾನು ಹೋದಾಗ ಮಧ್ಯಾಹ್ನ. ನೀರು ಕೊತಕೊತ ಕುದಿಯುತ್ತಿತ್ತು. ಮನೆಯಲ್ಲಿ ಸ್ನಾನ ಆಗದವರು ಯಾರೂ ಇರಲಿಲ್ಲ. "ಯಾರಿಗೆ ಗೌಡ್ರೆ ಈ ನೀರು?" ಎಂದರೆ, "ಯಾರಿಗೂ ಅಲ್ಲ. ಯಾರಾದ್ರೂ ಬಂದ್ರೆ ಇರ್ಲಿ ಅಂತ. ನೀವು ಮಾಡ್ತೀರಾ?" ಎಂದರು. ಅವರ ಒಂದು ದಿನದ ಸೌದೆಯನ್ನು ತೂಗಲು ಹೋಗಿ ನನ್ನ ತ್ರಾಸಿನ ಕೊಕ್ಕೆ ನೇರವಾಯಿತು. ಉಳಿದದ್ದನ್ನು ಅವರದೇ ಕಾಫಿ ತೂಗುವ ತ್ರಾಸಿನಲ್ಲಿ ತೂಗಿದೆವು. ಮಿತಿ ದಾಟಿದ್ದು ಬೆಳಗಿನ ತಿಂಡಿಯ ಹೊತ್ತಿಗೇ.

"ಗೌಡ್ರೆ, ನಿಮಗೆ ಗೋಬರ್ ಗ್ಯಾಸ್ ಬೇಕಾ?"

"ನಂಗೆ ಎಂತಕ್ಕೆ ಮಾರಾಯ್ರೆ? ಆದ್ರೆ ನೀವು ಅಷ್ಟು ದೂರದಿಂದ ಬಂದೀರಿ. ಹಾಕ್ಸಿಬಿಡಿ."

ಚಂದ್ರೇಗೌಡರ ಹೆಸರು ಪಟ್ಟಿಯ ಮೊದಲ ಸಾಲಿಗೆ ಹೋಯಿತು. ಎಷ್ಟು ಹೆಚ್ಚು ಸುಡುತ್ತಾರೋ ಅಷ್ಟು ಹೆಚ್ಚು ಉಳಿಸುವ ಅವಕಾಶ. ನಾನು ಆಫೀಸಿಗೆ ಬಂದು ನಮ್ಮ ಸಾಹೇಬರ ಮುಂದೆ ಎರಡು ನಮೂನೆಗಳನ್ನೂ ಇಟ್ಟು, "ಸಾರ್, ಬೇಕಾದವರಿಗೆ ಬರ್ತಾ ಇಲ್ಲ, ಬೇಡದವರಿಗೆ ಬರ್ತಾ ಇದೆ" ಎಂದೆ. ಸಾಹೇಬರು ಕೆಟ್ಟವರಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, "ಹೊಗೆಯೇ ಇಲ್ಲದ ಮನೆಯಲ್ಲಿ ನೀವು ಯಾವ ಹೊಗೆ ಕಡಿಮೆ ಮಾಡ್ತೀರಿ, ಹೇಳಿ" ಎಂದರು. ತರಬೇತಿಯ ಆ ಯುವಕನ ಪಾಠ ಹೊಸದಾಗಿ ನೆನಪಾಯಿತು. ಇಷ್ಟು ವರ್ಷ ಮಿತವಾಗಿ ಬದುಕಿದ ದೇಶ ಲೋಕದ ಮುಂದೆ ಹೋಗಿ ನಿಂತರೆ, "ನಿಮ್ಮ ಹತ್ತಿರ ಉಳಿಸಲಿಕ್ಕೆ ಏನಿದೆ?" ಎಂದು ಕೇಳುತ್ತಾರೇನೋ. ಇದನ್ನು ಸಾಹೇಬರಿಗೆ ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಅವರಿಗೆ ಫೋನು ಬಂತು. ದೊಡ್ಡ ವಿಚಾರಗಳೆಲ್ಲ ನನಗೆ ಹೊಳೆಯುವುದು ಎದುರಿನವರಿಗೆ ಫೋನು ಬಂದಾಗಲೇ.

ತಿಂಗಳು ಕಳೆದಿರಬಹುದು. ಸುಜಾತಳಿಂದ ಒಂದು ಅರ್ಜಿ ಬಂತು: 'ನಮ್ಮ ಮನೆಯಲ್ಲಿ ಮರು ಅಳತೆ ಮಾಡಬೇಕಾಗಿ ವಿನಂತಿ.' ನಿಯಮದಲ್ಲಿ ಅದಕ್ಕೆ ಅವಕಾಶವಿತ್ತು. ನಾನು ಮೊದಲ ದಿನ ಹೋಗಿ ಸೌದೆ ತೂಗಿಟ್ಟೆ. ಶೇಷಮ್ಮ ಮನೆಯಲ್ಲಿರಲಿಲ್ಲ. ಅವರ ತಮ್ಮನ ಮೊಮ್ಮಗುವಿನ ನಾಮಕರಣಕ್ಕೆ ವಸ್ತಾರೆಗೆ ಹೋಗಿದ್ದಾರೆ, ನಾಲ್ಕು ದಿನ ಬಿಟ್ಟು ಬರುತ್ತಾರೆ ಎಂದು ಸುಜಾತ ಹೇಳಿದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ. ಈ ಸಲ ಮೂಲೆಯಲ್ಲಿ ಇಟ್ಟದ್ದು ರೆಂಬೆಗಳಲ್ಲ, ದಪ್ಪ ಕುಂಟೆಗಳು. ನನಗೆ ಅರ್ಥವಾಯಿತು, ಅರ್ಥವಾಗಲಿಲ್ಲ ಎಂಬಂತೆ ತೂಗಿದೆ. ಎರಡನೆಯ ದಿನ ಉಳಿದದ್ದನ್ನು ತೂಗಿದಾಗ ಸುಟ್ಟದ್ದರ ಲೆಕ್ಕ ಮಿತಿಯ ಹತ್ತಿರ ಬಂದಿತ್ತು.

ಮೂರನೆಯ ದಿನ ನಾನು ಹೋದಾಗ ಅಂಗಳದಿಂದಲೇ ಮಾಡಿನ ಮೇಲೆ ಹೊಗೆ ಕಾಣಿಸಿತು. ಅಡುಗೆಮನೆಗೆ ಇಣುಕಿದೆ. ಒಲೆಯ ಎರಡೂ ಬಾಯಿಯ ಮೇಲೆ ದೊಡ್ಡ ಪಾತ್ರೆಗಳು, ಎರಡರಲ್ಲೂ ಬರೀ ನೀರು, ಕುದಿಯುತ್ತಿದ್ದವು. ಕೆಳಗೆ ಕುಂಟೆಗಳು ಧಗಧಗ ಎನ್ನುತ್ತಿದ್ದವು. ಅವುಗಳಲ್ಲಿ ಅರ್ಧ ಹಸಿ. ಆ ಹೊಗೆಯ ನಡುವೆ ಸುಜಾತ ನೆಲದ ಮೇಲೆ ಕೂತು, ಒಂದು ಕೈಯಿಂದ ಸೆರಗನ್ನು ಮೂಗಿಗೆ ಒತ್ತಿಕೊಂಡು, ಇನ್ನೊಂದು ಕೈಯಿಂದ ಕುಂಟೆಯನ್ನು ಒಳಗೆ ತಳ್ಳುತ್ತಿದ್ದಳು. ಕಣ್ಣೆಲ್ಲ ನೀರು. ಕೆಮ್ಮು ಬಂದಾಗ ಬಗ್ಗಿ ಕೆಮ್ಮುವುದು, ನಿಂತಾಗ ಮತ್ತೆ ತಳ್ಳುವುದು.

"ಏನಮ್ಮಾ ಇದು? ಹೊರಗೆ ಬನ್ನಿ" ಎಂದೆ.

"ಇನ್ನು ಸ್ವಲ್ಪ ಉಂಟು ಸಾರ್," ಅಂದಳು. "ಇವತ್ತು ಸಂಜೆವರೆಗೆ ಸುಟ್ರೆ ನಿಮ್ಮ ಅಳತೆ ತುಂಬ್ತದೆ. ಒಂದು ದಿನ ಅಲ್ವ. ಆಮೇಲೆ ಇಲ್ವಲ್ಲ."

ನಾನು ಅವಳ ಕೈಯಿಂದ ಕುಂಟೆ ಕಸಿದುಕೊಳ್ಳಬೇಕಿತ್ತು. ಮೂವತ್ತು ವರ್ಷದ ಸರ್ವಿಸಿನಲ್ಲಿ ಯಾರ ಕೈಯಿಂದಲೂ ಏನನ್ನೂ ಕಸಿದುಕೊಂಡು ಅಭ್ಯಾಸವಿಲ್ಲ. ಪುಸ್ತಕ ಹಿಡಿದುಕೊಂಡು ನಿಂತೆ. ಹಿಂದಿನಿಂದ, "ಎಂತ ಆಗ್ತಾ ಉಂಟು ಇಲ್ಲಿ?" ಎಂಬ ಮಾತು ಕೇಳಿಸಿತು. ಶೇಷಮ್ಮ. ನಾಮಕರಣ ಮುಗಿಸಿಕೊಂಡು ಹೇಳಿದ್ದಕ್ಕಿಂತ ಮೊದಲೇ ಬಂದಿದ್ದರು. ಕೈಯಲ್ಲಿ ಇನ್ನೂ ತಾಂಬೂಲದ ಚೀಲ.

ಅವರು ಒಲೆ ನೋಡಿದರು. ಕುದಿಯುತ್ತಿದ್ದ ಬರೀ ನೀರು ನೋಡಿದರು. ಸೊಸೆಯನ್ನು ನೋಡಿದರು. ಸುಜಾತ ಎದ್ದು ನಿಂತು ಏನೋ ಹೇಳಲು ಹೋದಳು, ಕೆಮ್ಮು ಬಿಡಲಿಲ್ಲ. ಶೇಷಮ್ಮ ಚೀಲ ಕೆಳಗಿಟ್ಟು, ಒಂದು ತಂಬಿಗೆ ನೀರು ತಂದು ಕುಂಟೆಗಳ ಮೇಲೆ ಸುರಿದರು. ಹೊಗೆ ಭುಸ್ಸೆಂದು ಎದ್ದಿತು. ಸೊಸೆಯ ತೋಳು ಹಿಡಿದು ಜಗಲಿಗೆ ಕರೆದುಕೊಂಡು ಬಂದು ಕೂರಿಸಿ, ಬೆನ್ನು ಸವರುತ್ತ ಅವಳ ಕೆಮ್ಮು ನಿಲ್ಲುವವರೆಗೆ ಕೂತರು. ಅವಳನ್ನು ಒಂದು ಮಾತೂ ಬೈಯಲಿಲ್ಲ. ಬೈಸಿಕೊಳ್ಳುವ ಸರದಿ ನನ್ನದಿರಬೇಕು ಎಂದು ನಾನು ತಯಾರಾಗಿ ನಿಂತಿದ್ದೆ.

"ಎಲ್ಲಿ ನಿಮ್ಮ ಕಾಗದ?" ಎಂದರು.

ಕೊಟ್ಟೆ.

"ಎಷ್ಟು ಬೇಕು ನಿಮ್ಗೆ? ಅಷ್ಟು ಬರ್ಕೊಳಿ. ಅದಕ್ಕಿಂತ ಒಂದು ಹೆಚ್ಚೇ ಬರೀರಿ. ಶೇಷಮ್ಮ ದುಂದುಗಾರ್ತಿ ಅಂತ ಬರೀರಿ. ಸೈನ್ ಎಲ್ಲಿ ಮಾಡ್ಬೇಕು?"

"ಅತ್ತೆ, ಬೇಡ" ಎಂದಳು ಸುಜಾತ.

"ನೀ ಸುಮ್ನೆ ಕೂರು ಮಗಾ. ಸೌದೆ ಉಳ್ಸಿ ಉಳ್ಸಿ ನಿನ್ನ ಬೇಯಿಸ್ತಾ ಇದ್ದೆ ನಾನು. ಯಾವ್ದು ಉಳಿಸ್ಬೇಕು ಅಂತ ಗೊತ್ತಾಗ್ಲಿಲ್ಲ."

ಶೇಷಮ್ಮ ಸಾಕ್ಷರತೆಯ ತರಗತಿಯಲ್ಲಿ ಸಹಿ ಕಲಿತವರು. ಒಂದೊಂದೇ ಅಕ್ಷರ ಕೂರಿಸಿ, 'ಮ'ಕ್ಕೆ ಒತ್ತು ಸರಿಯಾಗಿದೆಯೇ ಎಂದು ಕಾಗದ ದೂರ ಹಿಡಿದು ನೋಡಿ, ನನ್ನ ಕೈಗೆ ಕೊಟ್ಟರು. ನಾನು ಅಂಕಿ ತುಂಬಿದೆ. ಮಿತಿಗಿಂತ ಒಂದು ಹೆಚ್ಚೇ ಬರೆದೆ. ತಪ್ಪು ಮಾಡಿದೆ ಎಂದು ಇವತ್ತಿಗೂ ಒಪ್ಪುತ್ತೇನೆ. ಮತ್ತೆ ಅಂಥ ಸಂದರ್ಭ ಬಂದರೆ ಎರಡು ಹೆಚ್ಚು ಬರೆದೇನು.

ಪಟ್ಟಿ ಪಂಚಾಯ್ತಿ ಗೋಡೆಯ ಮೇಲೆ ಬಂತು. ಆ ಊರಿನ ಹೆಂಗಸರು ಅದನ್ನು ಓದಿದಷ್ಟು ಶ್ರದ್ಧೆಯಿಂದ ಬೇರೆ ಯಾವ ಸರ್ಕಾರಿ ಪ್ರಕಟಣೆಯನ್ನೂ ಓದಿರಲಾರರು. "ಶೇಷಕ್ಕ ಅಷ್ಟು ಸುಡ್ತಾಳನಾ? ನಮ್ಗೆಲ್ಲ ಬುದ್ಧಿ ಹೇಳ್ತಿದ್ಳಲ್ಲ!" ಎಂದು ಆಡಿಕೊಂಡರಂತೆ. ಹಾಲಿನ ಡೈರಿಗೆ ಹೋದಾಗ ಯಾರೋ, "ಎಂತ ಶೇಷಕ್ಕ, ಒಳಗೊಳಗೆ ದೊಡ್ಡ ಮನೆ ಬಚ್ಚಲು ಇಟ್ಕೊಂಡಿದೀರಾ?" ಎಂದು ಕೇಳಿದ್ದಕ್ಕೆ, ಶೇಷಮ್ಮ ಹಾಲು ಅಳೆದು ಕೊಟ್ಟು ತಿರುಗಿ ನೋಡದೆ ಬಂದರೆಂದು ಸುಜಾತ ಆಮೇಲೆ ಹೇಳಿದಳು. ನಲವತ್ತೆಂಟು ವರ್ಷ ಕಾಪಾಡಿಕೊಂಡು ಬಂದ ಹೆಸರನ್ನು ಅವರು ಹೀಗೆ ಒಂದು ಸಹಿಯಲ್ಲಿ ಬಿಟ್ಟುಕೊಟ್ಟಿದ್ದರು.

ಗೋಬರ್ ಗ್ಯಾಸು ಬಂತು. ಕೊಟ್ಟಿಗೆಯ ಪಕ್ಕ ನೆಲದೊಳಗೆ ಗುಮ್ಮಟ ಕಟ್ಟಿದರು. ಸುಜಾತ ದಿನಾ ಬೆಳಿಗ್ಗೆ ಸೆಗಣಿ ಕಲಸಿ ತೊಟ್ಟಿಗೆ ಸುರಿಯುತ್ತಿದ್ದಳು. ಮೊದಲ ಸಲ ನೀಲಿ ಉರಿ ಹತ್ತಿದಾಗ ಶೇಷಮ್ಮ ದೂರ ನಿಂತು ನೋಡಿ, "ಇದಕ್ಕೆ ಕೆಂಡ ಇಲ್ವಲ್ಲ, ಗೆಣಸು ಎಲ್ಲಿ ಹೂಳುದು?" ಎಂದರಂತೆ. ಆದರೆ ಎರಡೇ ವಾರದಲ್ಲಿ ಆ ಉರಿಯ ಗುಟ್ಟನ್ನೂ ಹಿಡಿದುಬಿಟ್ಟರು. ಅನ್ನ ಕುದಿ ಬಂದ ಮೇಲೆ ಗ್ಯಾಸು ನಿಲ್ಲಿಸಿ, ಪಾತ್ರೆಯನ್ನು ಹಳೆ ಕಂಬಳಿಯಲ್ಲಿ ಸುತ್ತಿಟ್ಟು ಅರಳಿಸುತ್ತಿದ್ದರು. ಜೋರು ಮಳೆಯ ತಿಂಗಳುಗಳಲ್ಲಿ ಸೆಗಣಿಗೂ ಚಳಿ ಹಿಡಿದು ಗ್ಯಾಸು ಕಡಿಮೆ ಬರುತ್ತಿತ್ತು. ಅವರಿಗೆ ಅಷ್ಟೇ ಸಾಕಾಗುತ್ತಿತ್ತು. ಸುಜಾತಳ ಕೆಮ್ಮು ಒಮ್ಮೆಲೇ ಹೋಗಲಿಲ್ಲ. ಮುಂದಿನ ಬೇಸಿಗೆಯ ಹೊತ್ತಿಗೆ ಮೆಟ್ಟಿಲು ಹತ್ತಿ ಬಂದು ನಿಂತು ಮಾತಾಡುವಷ್ಟು ಹೋಗಿತ್ತು. ಚಂದ್ರೇಗೌಡರಲ್ಲೂ ಗ್ಯಾಸು ಚೆನ್ನಾಗಿ ಉರಿಯುತ್ತಿತ್ತು. ಅದರಲ್ಲಿ ಮಾಡಿದ ಕಾಫಿಯನ್ನು ನನಗೆ ಪ್ರೀತಿಯಿಂದ ಕೊಟ್ಟರು. ಬಚ್ಚಲಿನಲ್ಲಿ ಹಂಡೆ ಕುದಿಯುತ್ತಲೇ ಇತ್ತು.

ವರ್ಷ ಕಳೆದು 'ನಂತರ'ದ ಕಾಲಂ ತುಂಬಿದಾಗ ಯಾರೂ ಎಣಿಸದ ಫಲಿತಾಂಶ ಬಂತು. 'ಮೊದಲು' ಅಷ್ಟು, 'ನಂತರ' ಹೆಚ್ಚುಕಡಿಮೆ ಸೊನ್ನೆ. ಬೇರೆ ಮನೆಗಳಲ್ಲಿ ಗ್ಯಾಸಿನ ಜೊತೆ ಸೌದೆಯೂ ಉರಿಯುತ್ತಲೇ ಇತ್ತು. ತಾಲ್ಲೂಕಿನಲ್ಲೇ ಅತಿ ಹೆಚ್ಚು ಹೊಗೆ ಉಳಿಸಿದ ಮನೆ ಶೇಷಮ್ಮನವರದು. ಪರಿಸರ ದಿನದಂದು ಮೂಡಿಗೆರೆಯಲ್ಲಿ ಸನ್ಮಾನ ಎಂದು ಸಾಹೇಬರು ತೀರ್ಮಾನಿಸಿದರು. ಅಭಿನಂದನೆಯ ಮಾತು ಬರೆದು ಓದುವ ಕೆಲಸ ನನಗೇ ಬಂತು.

ಸಭೆ ತುಂಬಿತ್ತು. ಶೇಷಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು ವೇದಿಕೆಯ ಮೇಲೆ ನೆಟ್ಟಗೆ ಕೂತಿದ್ದರು. ನಾನು ಮೈಕಿನ ಮುಂದೆ ನಿಂತು ಓದಿದೆ: "ಹಿಂದೆ ಅರಿವಿನ ಕೊರತೆಯಿಂದ ಅಪಾರ ಸೌದೆಯನ್ನು ವ್ಯರ್ಥ ಮಾಡುತ್ತಿದ್ದ ಶ್ರೀಮತಿ ಶೇಷಮ್ಮನವರು..." ಅಲ್ಲಿಗೆ ನಿಲ್ಲಿಸಿ ಲೋಟ ಎತ್ತಿಕೊಂಡೆ. ನೀರು ಕುಡಿದು ಮುಗಿಸಿದೆ. ಶಾಲು ಹೊದಿಸಿದರು. ಎರಡು ಮಾತಾಡಿ ಎಂದು ಯಾರೋ ಮೈಕನ್ನು ಅವರ ಕೈಗೇ ಕೊಟ್ಟರು. ನಾನು ಕುರ್ಚಿಯ ತೋಳು ಗಟ್ಟಿಯಾಗಿ ಹಿಡಿದುಕೊಂಡೆ. ಅವರು ಒಂದು ಮಾತು ಆಡಿದರೆ ನನ್ನ ಕೆಲಸ ಹೋಗಬಹುದಿತ್ತು.

"ನಾನು ಯಾವತ್ತೂ ದುಂದು ಮಾಡಿದೋಳಲ್ಲ," ಎಂದರು ಶೇಷಮ್ಮ. "ಮುಂಚೇನೂ ಇಷ್ಟೇ, ಈಗ್ಲೂ ಇಷ್ಟೇ. ನನ್ನ ಸೊಸೆ ಕೆಮ್ಮು ನಿಂತಿದೆ. ಅಷ್ಟು ಬರ್ಕೊಳಿ."

ನಮ್ಮ ಸಾಹೇಬರು ಎದ್ದು ನಿಂತು, "ನೋಡಿ, ಎಂಥಾ ವಿನಯ! ದೊಡ್ಡ ಕೆಲಸ ಮಾಡಿದವರ ಲಕ್ಷಣ ಇದು" ಎಂದು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ನಾನು ಎಲ್ಲರಿಗಿಂತ ಜೋರಾಗಿ ತಟ್ಟಿದೆ. ಅಷ್ಟು ಜನರ ಮುಂದೆ ಅಷ್ಟು ಸ್ಪಷ್ಟವಾಗಿ ಹೇಳಿದ ಸತ್ಯವನ್ನು ಯಾರೂ ನಂಬದೆ ಹೋದದ್ದಕ್ಕೆ ನಾನು ಸಂತೋಷಪಟ್ಟದ್ದು ಅದೊಂದೇ ಸಲ.

ಬಸ್ ಸ್ಟ್ಯಾಂಡಿನವರೆಗೆ ಅತ್ತೆ ಸೊಸೆಯ ಜೊತೆ ನಡೆದುಹೋದೆ. ಕಳಸದ ಬಸ್ಸಿಗೆ ಇನ್ನೂ ಹೊತ್ತಿತ್ತು. ಶೇಷಮ್ಮ ಶಾಲನ್ನು ಮಡಿಚಿ ಚೀಲದೊಳಗಿಟ್ಟು, ನನ್ನ ಕಡೆ ತಿರುಗಿ ಕೇಳಿದರು:

"ಅಲ್ಲ ಸಾಹೇಬ್ರೆ, ಊರೋರ ಮನೆ ಸೌದೆ ಎಲ್ಲ ತೂಗಿದ್ರಿ. ನಿಮ್ಮನೇಲಿ ಎಷ್ಟು ಸುಡ್ತೀರಿ?"

"ನಮ್ದು ಸಿಲಿಂಡರ್ ಅಮ್ಮಾ."

"ಬಚ್ಚಲಿಗೆ?"

ಬಚ್ಚಲಿಗೆ ಸೌದೆ. ಎಷ್ಟು ಎಂದು ನನಗೆ ಗೊತ್ತಿರಲಿಲ್ಲ. ನಾನು ಏಳುವ ಹೊತ್ತಿಗೆ ನೀರು ಬಿಸಿ ಇರುತ್ತಿತ್ತು; ಅದು ಹೇಗೆ ಬಿಸಿಯಾಯಿತೆಂದು ಯಾವತ್ತೂ ಕೇಳಿರಲಿಲ್ಲ. "ನೋಡಿಲ್ಲ" ಎಂದೆ. ಶೇಷಮ್ಮ ನಕ್ಕರು. ಬಸ್ಸು ಬಂತು.

ಮಾರನೆಯ ದಿನ ಬೆಳಿಗ್ಗೆ ಬೇಗ ಎದ್ದು ಬಚ್ಚಲಿಗೆ ಹೋದೆ. ನನ್ನ ಹೆಂಡತಿ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಮಳೆಗೆ ಹಸಿಯಾದ ಸೌದೆಯನ್ನು ಊದುಕೊಳವೆಯಿಂದ ಊದುತ್ತಿದ್ದಳು. ನಾಲ್ಕು ಸಲ ಊದುವುದು, ಒಂದು ಸಲ ಕೆಮ್ಮುವುದು. ನಾನು ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಕೇಳಿಸಿಕೊಂಡೆ.

"ಈ ಕೆಮ್ಮು ಯಾವಾಗಿಂದ?" ಎಂದು ಕೇಳಿದೆ.

ಅವಳು ಕೊಳವೆ ಕೆಳಗಿಟ್ಟು, ಕಣ್ಣೊರೆಸಿಕೊಂಡು ನನ್ನನ್ನು ನೋಡಿದಳು.

"ಎಂಟು ವರ್ಷ ಆಯ್ತು," ಎಂದಳು. "ಅರ್ಜಿ ಯಾರಿಗೆ ಕೊಡ್ಬೇಕು ಅಂತ ಗೊತ್ತಿರ್ಲಿಲ್ಲ."